ಅಪ್ಪಯ್ಯನ ಕತ್ತಲೆ ಕೋಣೆ

ನಾಲ್ಕು ದಿನ ಇದ್ದು ಬರುತ್ತೇನೆಂದು 2025ರ ಮಳೆಗಾಲದಲ್ಲಿ ಸಾಗರದ ತವರುಮನೆಗೆ ಹೋದವಳು ಇಪ್ಪತ್ತಮೂರು ದಿನ ಅಲ್ಲೇ ಉಳಿದುಬಿಟ್ಟೆ. ಇತ್ತ ಹೊಸನಗರದಲ್ಲಿ ನಮ್ಮವರು ಅನ್ನ, ಮಜ್ಜಿಗೆ, ಅಪ್ಪೆಮಿಡಿಯಲ್ಲೇ ದಿನ ತಳ್ಳಿದರು. ದಿನಾ ರಾತ್ರಿ ಫೋನು ಮಾಡಿ, "ಇನ್ನೂ ಮುಗೀಲಿಲ್ವೇನೇ ನಿಮ್ಮ ಫೋಟೋ?" ಎಂದು ಕೇಳುವರು. ಒಂದು ಫೋಟೋಕ್ಕೆ ಇಪ್ಪತ್ತಮೂರು ದಿನ ಬೇಕೆ ಎಂದು ನಿಮಗೂ ಅನಿಸೀತು. ಕೇಳಿ, ಹೇಳುತ್ತೇನೆ.

ನನ್ನ ಅಪ್ಪಯ್ಯ ಸಾಗರದ ಪೇಟೆಯಲ್ಲಿ ಮೂವತ್ತೈದು ವರ್ಷ ಸ್ಟುಡಿಯೋ ಇಟ್ಟವರು. ಯಾಶಿಕಾ ಕ್ಯಾಮೆರಾ, ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮು. ಆ ಕಾರ್ಖಾನೆಯೂ ಈಗ ಇಲ್ಲ, ಸ್ಟುಡಿಯೋವೂ ಇಲ್ಲ. ಫಿಲ್ಮ್ ರೋಲಿನ ಖಾಲಿ ಡಬ್ಬಿಗಳು ಮಾತ್ರ ಅಡುಗೆಮನೆಯಲ್ಲಿ ಏಲಕ್ಕಿ, ಲವಂಗ ತುಂಬಿಕೊಂಡು ಇನ್ನೂ ಇವೆ. ಹಗಲು ಫೋಟೋ ತೆಗೆಯುವುದು, ರಾತ್ರಿ ಮನೆಯ ಉಗ್ರಾಣದ ಪಕ್ಕದ ಕತ್ತಲೆ ಕೋಣೆಯಲ್ಲಿ ಪ್ರಿಂಟು ಹಾಕುವುದು. ಅದನ್ನು ತೊಳೆಯುವ ಕೆಲಸ ಅಮ್ಮನದು. ಬ್ರೋಮೈಡ್ ಕಾಗದದಲ್ಲಿ ಹೈಪೋ ಒಂಚೂರು ಉಳಿದರೂ ವರ್ಷ ಕಳೆದಂತೆ ಫೋಟೋ ಹಳದಿಯಾಗುತ್ತದೆ. ಅಮ್ಮ ಬಚ್ಚಲಲ್ಲಿ ಕೂತು, ಬಾವಿ ನೀರು ಸೇದಿ ಸೇದಿ ಹನ್ನೆರಡು ಸಲ ನೀರು ಬದಲಿಸುತ್ತಿದ್ದಳು. ಸಾಗರದ ಸುತ್ತಮುತ್ತಲ ಎಷ್ಟೋ ಮನೆಗಳಲ್ಲಿ ಮದುಮಕ್ಕಳು ಇವತ್ತಿಗೂ ಬೆಳ್ಳಗೆ ನಿಂತಿದ್ದರೆ ಅದಕ್ಕೆ ಕಾರಣ ಅಮ್ಮನ ಕೈ. ಸ್ಟುಡಿಯೋ ಬೋರ್ಡಿನಲ್ಲಿ ಅವಳ ಹೆಸರೇನೂ ಇರಲಿಲ್ಲ ಅನ್ನಿ!

ಅಂಥ ಅಮ್ಮನದೇ ಒಂದು ಒಳ್ಳೆಯ ಫೋಟೋ ಇಲ್ಲ. ಮದುವೆಯದೊಂದಿದೆ, ಅದರಲ್ಲಿ ತಲೆ ಎತ್ತಿಲ್ಲ. ಆಮೇಲೆ "ನಾಳೆ ತೆಗೆಯೋಣ" ಎನ್ನುತ್ತಲೇ ಐವತ್ತು ವರ್ಷ ಹೋಯಿತು.

ಅಮ್ಮನ ತವರು ಹೊಳೆಯ ಆಚೆ, ತುಮರಿಯ ಕಡೆ. ಅವಳು ಹುಟ್ಟಿದ ಮನೆ 1964ರಲ್ಲಿ ಪೂರ್ತಿಯಾದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಅಜ್ಜ ಮೇಲಿನ ಗುಡ್ಡದಲ್ಲಿ ಬೇರೆ ಮನೆ ಕಟ್ಟಿದರು. ಅಲ್ಲಿಂದಾಚೆಗೆ ತವರಿಗೆ ಹೋಗುವುದೆಂದರೆ ಹೊಳೆಬಾಗಿಲಿಗೆ ಹೋಗಿ, ಲಾಂಚು ಬರುವ ತನಕ ಕಾದು, ಬಸ್ಸು ಜೀಪುಗಳ ಸಂದಿಯಲ್ಲಿ ಜಾಗ ಹಿಡಿದು ದಾಟುವುದು. 2019ರಲ್ಲಿ ನಾವಿಬ್ಬರೂ ಮಾವನ ಮನೆಗೆ ಹೊರಟಾಗ, ಜಿರಿಜಿರಿ ಮಳೆಯಲ್ಲಿ ತಲೆ ಮೇಲೆ ಸೆರಗು ಹೊದ್ದು ಲಾಂಚಿನ ಕಂಬಿ ಹಿಡಿದು ನಿಂತಿದ್ದ ಅಮ್ಮನನ್ನು ನಾನು ಸುಮ್ಮನೆ ಮೊಬೈಲಿನಲ್ಲಿ ತೆಗೆದೆ. ಅವಳು ನನ್ನ ಕಡೆ ನೋಡಲಿಲ್ಲ, ನೀರು ನೋಡುತ್ತಿದ್ದಳು.

2021ರಲ್ಲಿ ಅಮ್ಮ ಹೋದಳು. ವೈಕುಂಠ ಸಮಾರಾಧನೆಗೆ ಫೋಟೋ ಬೇಕಲ್ಲ, ತಮ್ಮ ಅದನ್ನೇ ಒಂದು ಅಂಗಡಿಗೆ ಕೊಟ್ಟ. ಅವರು ಮಳೆ ಒರೆಸಿ, ಸುಕ್ಕು ಒರೆಸಿ, ಹಿಂದೆ ನೀಲಿ ಮೋಡ ಹಾಕಿ, ಅಮ್ಮನಿಗೆ ಯಾವಾಗಲೂ ಇಲ್ಲದ ಬಿಳಿ ಬಣ್ಣ ಬಳಿದು ಕೊಟ್ಟರು. ಅಪ್ಪಯ್ಯ ಒಮ್ಮೆ ನೋಡಿ, "ಇದು ಯಾರು ಮಾರಾಯ್ತಿ?" ಎಂದವರು ಮತ್ತೆ ಆ ಕಡೆ ತಿರುಗಲಿಲ್ಲ. ನಡುಮನೆಯ ಗೋಡೆಯಲ್ಲಿ ಅಜ್ಜ, ಅಜ್ಜಿ, ದೊಡ್ಡಪ್ಪ ಎಲ್ಲರೂ ಅಪ್ಪಯ್ಯನ ಕೈಯ ಕಪ್ಪು ಬಿಳುಪಿನವರು. ಅಮ್ಮನ ಜಾಗ ನಾಲ್ಕು ವರ್ಷ ಖಾಲಿಯೇ ಇತ್ತು.

2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ. ಆಚೆ ದಡದವರು ಎಷ್ಟು ದಶಕ ಕಾದಿದ್ದರೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಎಲ್ಲರೂ ಟಿವಿ ಮುಂದೆ ಖುಷಿಯಲ್ಲಿದ್ದರೆ ಅಪ್ಪಯ್ಯ ಮೆಲ್ಲಗೆ, "ಅವಳ ಲಾಂಚಿಂದು ಫೋಟೋ ನಿನ್ನ ಹತ್ರ ಇದ್ಯಲ್ಲ, ಅದರ ನೆಗೆಟಿವ್ ಎಲ್ಲಿದೆ?" ಎಂದರು.

ಮೊಬೈಲಿಗೆ ನೆಗೆಟಿವ್! ನಾನು ನಕ್ಕೆ. ಅವರು ನಗಲಿಲ್ಲ. ಅವರ ಕಣ್ಣಿನ ನಡುಭಾಗ ಸವೆಯುತ್ತಿದೆಯೆಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಎದುರಿಗಿರುವ ಮುಖ ಕಾಣುವುದಿಲ್ಲ, ಅಂಚಿನಿಂದ ಅಷ್ಟಿಷ್ಟು ಕಾಣುತ್ತದೆ. ಅದೂ ಎಷ್ಟು ದಿನವೋ. "ನೆಗೆಟಿವ್ ಒಂದು ಮಾಡಿಸಿ ಕೊಡು. ಮುಂದಿನದು ನನಗೆ ಬಿಡು" ಎಂದರು. ನಾಲ್ಕು ದಿನ ಇಪ್ಪತ್ತಮೂರಾದದ್ದು ಹೀಗೆ.

ಮೊದಲ ಉಪಾಯ ಅಪ್ಪಯ್ಯನದೇ. ಫೋಟೋವನ್ನು ಪರದೆಯ ಮೇಲಿಟ್ಟು ಯಾಶಿಕಾದಲ್ಲಿ ತೆಗೆದರೆ ನೆಗೆಟಿವ್ ಆಯಿತಲ್ಲ! ಆ ಕ್ಯಾಮೆರಾ ಮೂರು ಅಡಿಗಿಂತ ಹತ್ತಿರದ್ದನ್ನು ಸ್ಪಷ್ಟವಾಗಿ ಹಿಡಿಯದು, ಅಷ್ಟು ದೂರದಿಂದ ಮೊಬೈಲು ಬೆಂಕಿಪೊಟ್ಟಣದಷ್ಟು. ಹಾಗಾಗಿ ತಮ್ಮನ ಮಗನ ಲ್ಯಾಪ್‌ಟಾಪು ತಂದೆವು. ಬೆಂಗಳೂರಿನಿಂದ ಫಿಲ್ಮು, ಕಾಗದ ತರಿಸಿದೆವು. ಕಪಾಟಿನಲ್ಲಿದ್ದ ಹಳೆಯ ಕಾಗದ ಬೆಳಕು ತಾಗದೆಯೂ ಬೂದಿ ಬಣ್ಣಕ್ಕೆ ತಿರುಗಿತ್ತು, ಪ್ರಾಯದ ದೋಷ. ಹನ್ನೆರಡು ನೆಗೆಟಿವ್ ಬಂದವು, ಚೆಂದವೇ ಬಂದವು. ಎನ್‌ಲಾರ್ಜರಿನಲ್ಲಿ ಹಿಗ್ಗಿಸಿ ನೋಡಿದರೆ ಅಮ್ಮನ ಮುಖದ ತುಂಬ ಪರದೆಯ ಚುಕ್ಕಿಗಳು! ಸೊಳ್ಳೆಪರದೆಯೊಳಗೆ ಕೂತವಳಂತೆ ಕಾಣುತ್ತಿದ್ದಳು.

ಎರಡನೆಯ ದಾರಿ ಹುಡುಗ ಹುಡುಕಿದ್ದು. ಫೋಟೋವನ್ನು ಕಂಪ್ಯೂಟರಿನಲ್ಲಿ ಕಪ್ಪು ಬಿಳುಪು ಮಾಡಿ, ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿ, ಪಾರದರ್ಶಕ ಹಾಳೆಯ ಮೇಲೆ ಬೇಕಾದ ಅಳತೆಗೇ ಅಚ್ಚು ಹಾಕುವುದು. ಆ ಹಾಳೆಯನ್ನು ಬ್ರೋಮೈಡ್ ಕಾಗದದ ಮೇಲೆ ಅಂಟಿದಂತೆ ಇಟ್ಟು, ಮೇಲೆ ಗಾಜು ಹೇರಿ ಬೆಳಕು ಕೊಡುವುದು. ಹಿಗ್ಗಿಸುವ ಮಾತೇ ಇಲ್ಲ. ಅಮೆರಿಕದ ಡಾನ್ ಬರ್ಕ್‌ಹೋಲ್ಡರ್ ಎಂಬವರು 1990ರ ದಶಕದಲ್ಲೇ ಇದರ ಬಗ್ಗೆ ಪುಸ್ತಕ ಬರೆದಿದ್ದಾರಂತೆ. ಅಪ್ಪಯ್ಯ, "ಇದೆಂತ ಹೊಸತು? ಕಾಂಟ್ಯಾಕ್ಟ್ ಪ್ರಿಂಟು. ಟಾಲ್ಬಟ್ ಸಾಹೇಬ ಇಂಗ್ಲೆಂಡಿನಲ್ಲಿ ಮೊದಲು ಮಾಡಿದ್ದೂ ಇದನ್ನೇ" ಎಂದುಬಿಟ್ಟರು. ಹುಡುಗನ ಮುಖ ಸಣ್ಣಗಾಯಿತು.

ಹೇಳುವಷ್ಟು ಸುಲಭವಿರಲಿಲ್ಲ. ಜೆರಾಕ್ಸ್ ಅಂಗಡಿಯೊಂದರಲ್ಲಿ ಹಾಕಿಸಿದ ಮೊದಲ ಹಾಳೆ ಯಂತ್ರದ ಬಿಸಿಗೆ ಸುಕ್ಕಾಗಿ ಒಳಗೇ ಕಚ್ಚಿಕೊಂಡಿತು, ಬೈಸಿಕೊಂಡು ಬಂದೆ. ಬಿಸಿ ತಡೆಯುವ ಹಾಳೆಯಲ್ಲಿ ಹಾಕಿಸಿದರೆ ಕಪ್ಪು ಸಾಕಷ್ಟು ದಟ್ಟ ಬರಲಿಲ್ಲ, ಬೆಳಕೆಲ್ಲ ಸೋರಿ ಬಿಳಿ ಇರಬೇಕಾದ ಕಡೆ ಬೂದಿ. ಶಾಯಿ ಚಿಮ್ಮಿಸುವ ಇಂಕ್‌ಜೆಟ್ ಪ್ರಿಂಟರೇ ಬೇಕು, ಅದಕ್ಕೆ ಶಾಯಿ ಹಿಡಿಯುವ ಲೇಪ ಇರುವ ಹಾಳೆಯೇ ಬೇಕು. ಸಾದಾ ಹಾಳೆಯ ಮೇಲೆ ಶಾಯಿ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಗುಂಡಗಾಗಿ ಓಡಾಡುತ್ತದೆ. ಲೇಪದ ಹಾಳೆ ಬರಲು ಒಂದು ವಾರ. ನಮ್ಮ ಆಷಾಢದ ಥಂಡಿಗೆ ಅದರ ಮೇಲಿನ ಶಾಯಿಯೂ ಬೇಗ ಒಣಗದು. ಅಕ್ಕಿ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಟ್ಟೆ. ಬಿಸ್ಕತ್ತು ಮೆತ್ತಗಾಗದಂತೆ ಮಾಡುತ್ತೇವಲ್ಲ, ಅದೇ ವಿದ್ಯೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಅಮ್ಮನ ಫೋಟೋ ತೆಗೆದ ಹಳೆಯ ಮೊಬೈಲು ಆಗಲೇ ಕೆಟ್ಟುಹೋಗಿತ್ತು. ಉಳಿದದ್ದು ವಾಟ್ಸಾಪಿನಲ್ಲಿ ತಮ್ಮನಿಗೆ ಕಳಿಸಿದ ಪ್ರತಿ, ಅದು ಕಳಿಸುವಾಗಲೇ ಕುಗ್ಗಿ ಹೋಗಿತ್ತು. ಹಾಗಾಗಿ ಏಳು ಅಂಗುಲಕ್ಕಿಂತ ದೊಡ್ಡದು ಮಾಡುವಂತಿರಲಿಲ್ಲ. ಹಿರಿಯರ ಫೋಟೋ ಕಳಿಸುವಾಗ 'ಡಾಕ್ಯುಮೆಂಟ್' ಎಂದು ಆರಿಸಿ ಕಳಿಸಿದರೆ ಕುಗ್ಗುವುದಿಲ್ಲ. ಇದು ನನಗೆ ತಡವಾಗಿ ಗೊತ್ತಾಯಿತು.

ಕೊನೆಗೂ ಒಂದು ರಾತ್ರಿ ಕತ್ತಲೆ ಕೋಣೆಯ ಬಾಗಿಲ ಸಂದಿಗೆ ಕಂಬಳಿ ಸಿಕ್ಕಿಸಿ, ಕೆಂಪು ದೀಪ ಹಚ್ಚಿದೆವು. ಅಪ್ಪಯ್ಯ ಮೆಟಾಲ್, ಹೈಡ್ರೋಕ್ವಿನೋನ್ ತೂಗಿ ಡೆವಲಪರ್ ತಾವೇ ಕಲಸಿದರು. ಎಂಬತ್ತೆರಡು ವರ್ಷದ ಕೈ, ಒಂದು ಹರಳು ಆಚೀಚೆ ಚೆಲ್ಲಲಿಲ್ಲ. ನಡುವಿನ ಟ್ರೇಗೆ ನೀರು ಬೆರೆಸಿದ ಬಿಳಿ ವಿನಿಗರ್, ಮೂರನೆಯದಕ್ಕೆ ಹೈಪೋ. (ನೀವು ಯಾರಾದರೂ ಮಾಡುವುದಾದರೆ ಅಡುಗೆ ಪಾತ್ರೆ ಮಾತ್ರ ಮುಟ್ಟಬೇಡಿ. ಅಮ್ಮ ಅದೊಂದು ವಿಷಯದಲ್ಲಿ ಅಪ್ಪಯ್ಯನ ಮೇಲೂ ರೇಗುತ್ತಿದ್ದಳು.)

ಮೊದಲ ಪ್ರಿಂಟಿನಲ್ಲಿ ಸೆರಗು ಬಲ ಹೆಗಲಿಗೆ ಬಂದಿತ್ತು! ಶಾಯಿಯ ಮೈ ಕಾಗದಕ್ಕೆ ತಾಗಬೇಕಾದ್ದರಿಂದ ನೆಗೆಟಿವನ್ನು ಕನ್ನಡಿಯಂತೆ ತಿರುವಿ ಅಚ್ಚು ಹಾಕಬೇಕಿತ್ತು. ತಿರುವಿ ಹಾಕಿದರೆ, ಎರಡನೆಯದರಲ್ಲಿ ಮುಖ ಸುಣ್ಣದ ಗೋಡೆ, ಸೀರೆ ಮಸಿ. ಪರದೆಯಲ್ಲಿ ಅಷ್ಟು ಚೆಂದ ಕಂಡದ್ದು ಕಾಗದದಲ್ಲಿ ಹೀಗೇಕೆ? ಅಪ್ಪಯ್ಯ ಹುಡುಗನಿಗೆ, "ನೆಗೆಟಿವ್ ಇರೋದು ನಿನ್ನ ಕಣ್ಣಿಗಲ್ಲ ಮಗಾ, ಕಾಗದಕ್ಕೆ. ಕಾಗದದ ನಾಲಗೆ ಬೇರೆ" ಎಂದರು. ಹುಡುಗ ಕಪ್ಪಿನಿಂದ ಬಿಳಿಗೆ ಇಳಿಯುವ ಇಪ್ಪತ್ತೊಂದು ಚೌಕಗಳ ಪಟ್ಟಿಯೊಂದನ್ನು ಅದೇ ಹಾಳೆಯಲ್ಲಿ ಅಚ್ಚು ಹಾಕಿದ. ಅದನ್ನು ಬ್ರೋಮೈಡಿಗೆ ಇಳಿಸಿದರೆ ಬೇರೆಬೇರೆಯಾಗಿ ಕಂಡದ್ದು ಒಂಬತ್ತೇ ಚೌಕ; ಉಳಿದವು ಒಂದೋ ಪೂರಾ ಕಪ್ಪು, ಇಲ್ಲವೇ ಪೂರಾ ಬಿಳಿ. ಎಲ್ಲೆಲ್ಲಿ ನುಂಗಿಹೋಗಿದೆಯೋ ಅಲ್ಲಲ್ಲಿ ನೆಗೆಟಿವಿನ ಗಡಸು ಇಳಿಸುತ್ತ ಬಂದ. ಐದನೆಯ ನೆಗೆಟಿವ್ ಪರದೆಯಲ್ಲಿ ಉಪ್ಪಿಲ್ಲದ ಸಾರಿನಷ್ಟು ಸಪ್ಪೆ. "ಇದೇ ಸರಿ" ಎಂದರು ಅಪ್ಪಯ್ಯ, ಅಂಚುಗಣ್ಣಿನಿಂದ ನೋಡಿ.

ಬೆಳಕು ಎಂಟು ಸೆಕೆಂಡು. ಮಳೆಗಾಲದ ಕರೆಂಟು ನಿಮಗೆ ಗೊತ್ತೇ ಇದೆ. ವೋಲ್ಟೇಜು ಇಳಿದರೆ ಎನ್‌ಲಾರ್ಜರಿನ ಹಳೇ ಬಲ್ಬು ಮಂಕಾಗಿ ಎಂಟು ಸಾಲದು. ಅಪ್ಪಯ್ಯ ನಡುಮನೆಯ ಫ್ಯಾನಿನ ಸದ್ದು ಕೇಳಿಸಿಕೊಂಡೇ, "ಈಗ ಬೇಡ… ಈಗ ಹಾಕು" ಎನ್ನುವರು. ಕಾಗದ ಡೆವಲಪರಿಗೆ ಇಳಿಸಿದೆವು. ಟ್ರೇ ಅಲುಗಿಸುವುದು ಅವರ ಕೈ. ಆದರೆ ನೋಡುವುದು?

"ಮುಖ ಬಂತಾ?"

ಬಂದಿತ್ತು. ಮೊದಲು ಸೆರಗಿನ ಅಂಚು, ಆಮೇಲೆ ಕಂಬಿ, ಕಂಬಿ ಹಿಡಿದ ಕೈ, ಆಮೇಲೆ ಮುಖ. ನನಗೆ ಗಂಟಲು ಕಟ್ಟಿತು. ಕಪ್ಪಾಗಿಬಿಡುತ್ತದೆಂದು ಹೆದರಿ, "ಸಾಕು ಅಪ್ಪಯ್ಯ" ಎಂದು ಎತ್ತಿಬಿಟ್ಟೆ. ದೀಪ ಹಾಕಿ ನೋಡಿದರೆ ತೆಳ್ಳಗೆ, ಜ್ವರ ಬಂದವಳ ಹಾಗೆ. ಚಿಕ್ಕಂದಿನಲ್ಲಿ ಬೈದ ಹಾಗೇ ಬೈದರು: "ಕೆಂಪು ದೀಪ ಇದ್ದದ್ದಕ್ಕಿಂತ ಕಪ್ಪು ತೋರಿಸ್ತದೆ, ಎಷ್ಟು ಸಲ ಹೇಳಿದ್ದೆ! ಆತುರ ಮಾಡಬೇಡ." ನಲವತ್ತು ವರ್ಷದ ಮೇಲೆ ಆ ಬೈಗುಳ ಕೇಳಿದೆ. ಮುಂದಿನದನ್ನು ಒಂದೂವರೆ ನಿಮಿಷ ಪೂರ್ತಿ ಬಿಟ್ಟೆ. ಅವರು "ಬಂತಾ, ಬಂತಾ" ಎಂದು ಕೇಳುತ್ತಲೇ ಇದ್ದರು. ನಾನು "ಇನ್ನೂ ಇದೆ, ಇನ್ನೂ ಇದೆ" ಎನ್ನುತ್ತಲೇ ಇದ್ದೆ.

ಆ ರಾತ್ರಿ ಮೂರು ಪ್ರಿಂಟು ಸರಿ ಬಂದವು. ಬಚ್ಚಲಲ್ಲಿ ಕೂತು ತೊಳೆಯುವುದಕ್ಕೆ ಶುರುಮಾಡಿದಾಗ ಗಂಟೆ ಹನ್ನೊಂದು. ನಲ್ಲಿ ಇದೆ, ಆದರೂ ಬಾವಿ ನೀರೇ ಸೇದಿದೆ. ಅಪ್ಪಯ್ಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಎಷ್ಟನೇ ನೀರೆಂದು ಎಣಿಸುತ್ತಿದ್ದರು. ಒಂಬತ್ತಕ್ಕೆ ನನ್ನ ಸೊಂಟ ಹಿಡಿಯಿತು. ಇದನ್ನು ಅಮ್ಮ ವಾರಕ್ಕೆ ಮೂರು ರಾತ್ರಿ ಮಾಡುತ್ತಿದ್ದಳು, ಬೆಳಿಗ್ಗೆ ಎದ್ದು ಎಲ್ಲರಿಗೂ ದೋಸೆ ಹಾಕುತ್ತಿದ್ದಳು. "ಅವಳಿಗೂ ಸೊಂಟ ನೋಯ್ತಿತ್ತಾ ಅಪ್ಪಯ್ಯ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಕೇಳಲೇ ಇಲ್ಲ" ಎಂದರು.

ಒಂದು ಪ್ರಿಂಟು ನಡುಮನೆಯ ಗೋಡೆಗೆ ಏರಿತು. ಇನ್ನೊಂದನ್ನು ಹೊಸ ಸೇತುವೆ ಮೇಲೆ ಬಸ್ಸಿನಲ್ಲಿ ಹೋಗಿ ಮಾವನ ಮನೆಗೆ ಕೊಟ್ಟೆ. ನೀರಿನ ಮೇಲಿದ್ದೇವೆ ಎನ್ನುವಷ್ಟರಲ್ಲಿ ಆಚೆ ದಡ ಬಂದಿತ್ತು. ಅತ್ತೆ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು, "ಅತ್ತಿಗೆ ಮುಳುಗಿದ ಮನೆ ಕಡೆ ನೋಡ್ತಿದ್ದಾಳೆ ಕಣೇ. ಲಾಂಚು ಅಲ್ಲಿಗೆ ಬಂದಾಗ ಯಾವಾಗಲೂ ಹಾಗೇ ನಿಲ್ತಿದ್ಲು" ಎಂದರು. ಅಮ್ಮ ನನಗೆ ಅದನ್ನು ಹೇಳಿರಲೇ ಇಲ್ಲ.

ಮೂರನೆಯದು ನನ್ನದು. ಹೊರಡುವ ಹಿಂದಿನ ಸಂಜೆ ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಚೀಲಕ್ಕೆ ಇಡುತ್ತಿದ್ದಾಗ ಅಪ್ಪಯ್ಯ ಜಗಲಿಯಿಂದ ಕರೆದರು.

"ನಿನ್ನ ಮೊಬೈಲಿನಲ್ಲಿ ನಂದೂ ಒಂದು ಇದ್ಯಾ?"

"ಬೇಕಾದಷ್ಟು ಇವೆ."

"ಒಂದು ನೆಗೆಟಿವ್ ಮಾಡಿಡು. ಅದೇ ಅಳತೆ, ಅದೇ ಸಪ್ಪೆ ಇರಲಿ. ಎಂಟು ಸೆಕೆಂಡು. ಆತುರ ಮಾಡಬೇಡ."

ನಾನೇನೂ ಹೇಳಲಿಲ್ಲ. ಕತ್ತಲೆ ಕೋಣೆಯಲ್ಲಿ ಟ್ರೇಗಳು ತೊಳೆಯದೆ ಉಳಿದಿದ್ದವು, ತೊಳೆಯಲಿಕ್ಕೆ ಎದ್ದೆ.