ತುಂಗೆಯ ಮೆಟ್ಟಿಲೂ ಮನೆಯ ಗಾಜಿನ ತೊಟ್ಟಿಯೂ

ಯಾತ್ರೆಗೆ ಹೊರಡುವವರು ಮನೆಯ ಚಿಂತೆಯನ್ನು ಮನೆಯಲ್ಲಿಯೇ ಬಿಟ್ಟು ಹೊರಡಬೇಕೆಂದು ಹಿರಿಯರು ಹೇಳುವುದುಂಟು. ಕಳೆದ ಬೇಸಿಗೆಯಲ್ಲಿ ನಾವು ಸಂಸಾರಸಮೇತರಾಗಿ ಶೃಂಗೇರಿಗೆ ಹೊರಟಾಗ ಆ ಮಾತನ್ನು ನಡೆಸಲಾರದೆ ಹೋದೆವು. ನಮ್ಮ ಹಜಾರದಲ್ಲಿರುವ ಮೂರಡಿ ಉದ್ದದ ಗಾಜಿನ ಮೀನುತೊಟ್ಟಿಯ ಚಿಂತೆ ದಾರಿಯುದ್ದಕ್ಕೂ ನಮ್ಮೊಡನೆ ಬಂದಿತು.

ಆ ತೊಟ್ಟಿಯನ್ನು ಮಕ್ಕಳಿಗಾಗಿ ತಂದಿದ್ದೆವು. ತಳಕ್ಕೆ ಮರಳು ಹಾಸಿ, ನೀರಿನ ಗಿಡಗಳನ್ನು ನೆಟ್ಟು, ಸಣ್ಣ ಮೀನುಗಳನ್ನೂ ನಾಲ್ಕಾರು ಸೀಗಡಿಗಳನ್ನೂ ಬಿಟ್ಟು, ಸಂಜೆಯ ಹೊತ್ತು ಎಲ್ಲರೂ ಅದರ ಮುಂದೆ ಕುಳಿತು ನೋಡುತ್ತಿದ್ದೆವು. ಮೊದಲ ತಿಂಗಳಲ್ಲಿಯೇ ಗಾಜಿನ ಮೇಲೆ ಕಂದುಬಣ್ಣದ ಧೂಳಿನಂತಹ ಪದರವು ಕಾಣಿಸಿಕೊಂಡಿತು. ಬಳಿಕ ಹಸುರು ನೂಲಿನಂತಹ ಪಾಚಿಯು ಎಲೆಗಳನ್ನು ಸುತ್ತಿತು. ಕೊನೆಗೆ ಕಪ್ಪು ಗಡ್ಡದಂತಹ ಇನ್ನೊಂದು ಜಾತಿಯು ಗಿಡಗಳ ಅಂಚಿನಲ್ಲಿ ಬೇರೂರಿತು. ಎಷ್ಟು ತೊಳೆದರೂ ವಾರದೊಳಗೆ ಮತ್ತೆ ಅದೇ ಸ್ಥಿತಿ. ತಾಳ್ಮೆಗೆಟ್ಟು ನಾವು ಅಂಗಡಿಯಿಂದ ಪಾಚಿ ಕೊಲ್ಲುವ ಔಷಧವನ್ನು ತಂದು, ಸೀಸೆಯ ಮೇಲೆ ಹೇಳಿದುದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಸುರಿದೆವು. ಪಾಚಿಯೇನೋ ಬಿಳಿಚಿತು, ಆದರೆ ಸಂಜೆಯ ವೇಳೆಗೆ ಸೀಗಡಿಗಳು ಸತ್ತು ಬಿದ್ದಿದ್ದುವು. ಮರುದಿನ ಬೆಳಗಾಗುವಷ್ಟರಲ್ಲಿ ಏಳು ಮೀನುಗಳು ನೀರಿನ ಮೇಲೆ ತೇಲುತ್ತಿದ್ದುವು. ಕಿರಿಯ ಮಗಳು ಅವುಗಳನ್ನು ದಾಸವಾಳದ ಗಿಡದ ಬುಡದಲ್ಲಿ ಹೂಳಿ, ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ.

ನಮ್ಮ ತಾಯಿಯವರು ಮಾತ್ರ ಸ್ಪಷ್ಟವಾಗಿ ಹೇಳಿದರು: "ಮೂಕಪ್ರಾಣಿಗಳನ್ನು ಸೆರೆಯಲ್ಲಿಟ್ಟು ಕೊಲ್ಲುವುದು ಸಂಸಾರಸ್ಥರ ಮನೆಗೆ ಒಳ್ಳೆಯದಲ್ಲ. ಶೃಂಗೇರಿಯಿಂದ ಬಂದ ಮೇಲೆ ಆ ತೊಟ್ಟಿಯನ್ನು ಯಾರಿಗಾದರೂ ಕೊಟ್ಟುಬಿಡಪ್ಪ." ನಮ್ಮಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಬಾಳೆಹೊನ್ನೂರಿನಲ್ಲಿ ಭದ್ರೆಯನ್ನು ಕಂಡು, ಕಾಫಿಯ ತೋಟಗಳ ನೆರಳಿನಲ್ಲಿ ಸಾಗಿ, ಮಧ್ಯಾಹ್ನದ ವೇಳೆಗೆ ಶೃಂಗೇರಿಯನ್ನು ಸೇರಿದೆವು. ಶಾರದಾಂಬೆಯ ದರ್ಶನವನ್ನು ಮಾಡಿ, ವಿದ್ಯಾಶಂಕರ ದೇವಾಲಯದ ಶಿಲ್ಪವನ್ನು ನೋಡಿ, ತುಂಗೆಯ ಸ್ನಾನಘಟ್ಟಕ್ಕೆ ಇಳಿದೆವು. ಅಲ್ಲಿಯ ಮೀನುಗಳ ವಿಷಯವನ್ನು ಓದುಗರಲ್ಲಿ ಅನೇಕರು ಬಲ್ಲರು. ಅವನ್ನು ಯಾರೂ ಹಿಡಿಯುವಂತಿಲ್ಲ. ಮೊಳಕ್ಕಿಂತ ಉದ್ದವಾದುವು ಕೂಡ ನಿರ್ಭಯವಾಗಿ ಮೆಟ್ಟಿಲ ತನಕ ಬರುತ್ತವೆ. ಬಿಸಿಲಿನಲ್ಲಿ ಬಳಲುತ್ತಿದ್ದ ಗರ್ಭಿಣಿ ಕಪ್ಪೆಗೆ ಸರ್ಪವು ಹೆಡೆಯೆತ್ತಿ ನೆರಳು ಕೊಟ್ಟುದನ್ನು ಶಂಕರಾಚಾರ್ಯರು ಕಂಡರೆಂಬ ಐತಿಹ್ಯವೂ ಈ ದಡಕ್ಕೇ ಸೇರಿದುದು.

ಮೀನುಗಳಿಗೆ ಪುರಿ ಹಾಕಲು ಮಗಳು ಕೆಳಗಿನ ಮೆಟ್ಟಿಲಿಗೆ ಓಡಿದಳು. ಬಳಿಯಲ್ಲಿ ಕುಳಿತಿದ್ದ ವೃದ್ಧರೊಬ್ಬರು ಕೂಗಿ ಹೇಳಿದರು: "ಆ ಮೂಲೆಗೆ ಹೋಗಬೇಡ ಮಗೂ, ಪಾಚಿ ಇದೆ, ಜಾರ್ತದೆ." ನಾವು ನೋಡಿದೆವು. ಮೆಟ್ಟಿಲ ಒಂದು ಮೂಲೆಯಲ್ಲಿ ನೀರು ಹರಿಯದೆ ನಿಂತಿತ್ತು. ನೆತ್ತಿಯ ಬಿಸಿಲು ಅಲ್ಲಿ ನೇರವಾಗಿ ಬೀಳುತ್ತಿತ್ತು; ಮೀನು ತಿನ್ನದೆ ಬಿಟ್ಟ ಪುರಿಯು ಅಲ್ಲಿಯೇ ಕೊಳೆಯುತ್ತಿತ್ತು. ಆ ಮೂಲೆಯ ಕಲ್ಲು ದಟ್ಟ ಹಸುರಾಗಿತ್ತು. ಹತ್ತು ಮಾರು ಆಚೆ, ನೀರು ಸೆಳೆದೋಡುವಲ್ಲಿ, ಬಂಡೆಗಳು ತೊಳೆದಿಟ್ಟಂತಿದ್ದುವು. "ಇದಕ್ಕೆ ಏನನ್ನಾದರೂ ಹಾಕಿ ತೆಗೆಯುವುದಿಲ್ಲವೇ?" ಎಂದು ನಾವು ಕೇಳಿದೆವು. ವೃದ್ಧರು ನಕ್ಕರು: "ಹಾಕಿದ್ದು ಹೆಚ್ಚಾಗಿಯೇ ಅಲ್ವೇ ಸ್ವಾಮಿ, ಪಾಚಿ ಬಂದದ್ದು! ಮಳೆಗಾಲ ಬಂದ್ರೆ ಹೊಳೆಯೇ ತೊಳೀತದೆ."

ಮರುದಿನ ಕಿಗ್ಗಕ್ಕೆ ಹೋಗಿ ಋಷ್ಯಶೃಂಗೇಶ್ವರನ ದರ್ಶನವನ್ನು ಮುಗಿಸಿ, ಅಲ್ಲಿಂದ ಸಿರಿಮನೆ ಜಲಪಾತದ ಕಡೆಗೆ ನಡೆದೆವು. ದಾರಿಯ ಹಳ್ಳವೊಂದರಲ್ಲಿ ಕಾಲಿಳಿಬಿಟ್ಟು ಕುಳಿತಾಗ, ನಮ್ಮ ತೊಟ್ಟಿಯ ಮೂಲರೂಪವೇ ಕಣ್ಣೆದುರಿಗೆ ಬಂದಂತಾಯಿತು. ಇಂದು ದೇಶವಿದೇಶಗಳ ತೊಟ್ಟಿಗಳಲ್ಲಿ ಬೆಳೆಸುವ ಲಗೆನಾಂಡ್ರ, ಕ್ರಿಪ್ಟೊಕೊರೈನ್, ರೋಟಾಲಾ ಎಂಬ ಗಿಡಗಳಲ್ಲಿ ಹಲವು ಜಾತಿಗಳು ಸಹ್ಯಾದ್ರಿಯ ಹಳ್ಳಹೊಳೆಗಳಿಗೆ ಸೇರಿದುವು. ಅಲ್ಲಿ ಮೇಲೆ ಮರಗಳ ಚಪ್ಪರವಿತ್ತು. ಬಿಸಿಲು ಸೋಸಿಕೊಂಡು ಬರುತ್ತಿತ್ತು. ನೀರು ನಿಲ್ಲದೆ ಹರಿಯುತ್ತಿತ್ತು. ಬೆರಳುದ್ದದ ಮೀನುಗಳು ಕಲ್ಲಿಗೆ ಬಾಯಿಟ್ಟು ಕೆರೆಯುತ್ತಿದ್ದುವು; ಬಸವನಹುಳುಗಳು ಮೆಲ್ಲಗೆ ಮೇಯುತ್ತಿದ್ದುವು. ಪಾಚಿ ಇರಲಿಲ್ಲವೆಂದಲ್ಲ, ತೆಳುವಾಗಿ ಕಲ್ಲುಗಳ ಮೇಲೆಲ್ಲ ಇದ್ದಿತು. ಆದರೆ ಅದು ಆ ಜೀವಗಳಿಗೆ ಊಟವಾಗಿತ್ತೇ ಹೊರತು ಹೊಳೆಗೆ ರೋಗವಾಗಿರಲಿಲ್ಲ.

ನಮ್ಮ ತಪ್ಪು ಆಗ ನಮಗೆ ಹೊಳೆಯಿತು. ನಮ್ಮ ತೊಟ್ಟಿಯು ಪೂರ್ವದ ಕಿಟಕಿಯ ಕೆಳಗಿತ್ತು. ಅದರ ದೀಪವು ಬೆಳಗಿನಿಂದ ರಾತ್ರಿ ಹತ್ತರವರೆಗೂ ಉರಿಯುತ್ತಿತ್ತು. ಮಕ್ಕಳು ಸರದಿಯಂತೆ ದಿನಕ್ಕೆ ನಾಲ್ಕು ಬಾರಿ ಆಹಾರ ಚೆಲ್ಲುತ್ತಿದ್ದರು. ಗಿಡಗಳಾದರೋ ಕೈಬೆರಳೆಣಿಕೆಯಷ್ಟು. ಶೃಂಗೇರಿಯ ಆ ಬಿಸಿಲ ಮೂಲೆಯನ್ನೇ ನಾವು ಗಾಜಿನೊಳಗೆ ಕಟ್ಟಿ, ಕಿಗ್ಗದ ಹಳ್ಳವನ್ನು ಅದರಿಂದ ನಿರೀಕ್ಷಿಸಿದ್ದೆವು. ಔಷಧವು ಹೇಗೆ ಕೊಂದಿತೆಂಬುದೂ ತಿಳಿಯಿತು. ಅಂತಹ ಔಷಧಗಳಲ್ಲಿ ಕೆಲವಕ್ಕೆ ತಾಮ್ರವೇ ಆಧಾರ. ತಾಮ್ರವು ಸೀಗಡಿ, ಬಸವನಹುಳುಗಳಿಗೆ ವಿಷ. ಅಲ್ಲದೆ ಒಮ್ಮೆಗೇ ಸತ್ತ ಪಾಚಿಯು ಕೊಳೆಯುವಾಗ ನೀರಿನ ಪ್ರಾಣವಾಯುವನ್ನು ಹೀರಿಬಿಡುತ್ತದೆ; ರಾತ್ರಿಯಲ್ಲಿ ಮೀನುಗಳು ಉಸಿರುಕಟ್ಟಿ ಸಾಯುತ್ತವೆ.

ಈ ಪಾಠವು ಹೊಸತಲ್ಲ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬವರು 1850ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಾಜಿನ ಪಾತ್ರೆಯೊಂದರಲ್ಲಿ ಚಿನ್ನದ ಮೀನುಗಳನ್ನೂ ನೀರುಗಿಡವನ್ನೂ ಇಟ್ಟರು. ಎಲೆಗಳು ಕೊಳೆತು ನೀರು ಕದಡಿ, ಗಾಜಿಗೆ ಹಸುರು ಲೋಳೆ ಹಿಡಿಯಿತು. ಆಗ ಅವರು ವಿಷವನ್ನು ಹುಡುಕಲಿಲ್ಲ. ಕೊಳದ ಬಸವನಹುಳುಗಳನ್ನು ಬಿಟ್ಟರು. ಅವು ಲೋಳೆಯನ್ನೂ ಕೊಳೆತ ಎಲೆಯನ್ನೂ ತಿಂದುವು, ನೀರು ತಿಳಿಯಾಯಿತು.

ನಾವು ಹಳ್ಳದಿಂದ ಒಂದು ಎಲೆಯನ್ನೂ ಕೀಳದೆ ಹಿಂದಿರುಗಿದೆವು. ಊರು ಸೇರಿದ ಮೇಲೆ ತಾಯಿಯವರಲ್ಲಿ ಎರಡು ತಿಂಗಳ ಅವಧಿಯನ್ನು ಬೇಡಿ, ತೊಟ್ಟಿಯನ್ನು ಕಿಟಕಿಯಿಂದ ದೂರ ಸರಿಸಿದೆವು. ದೀಪವನ್ನು ದಿನಕ್ಕೆ ಆರು ಗಂಟೆಗೆ ಇಳಿಸಿ, ತಾನಾಗಿಯೇ ಆರುವ ಗುಂಡಿಯನ್ನು ಹಾಕಿಸಿದೆವು. ಬೇಗ ಬೆಳೆಯುವ ಗಿಡಗಳನ್ನು ತೋಟಗಾರರಿಂದ ಕೊಂಡು ದಟ್ಟವಾಗಿ ನೆಟ್ಟೆವು. ಪಾಚಿಯ ಆಹಾರವನ್ನು ಅವೇ ಮೊದಲು ಉಣ್ಣಲೆಂದು. ಮೀನಿಗೆ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಮೇವು. ವಾರಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ನೀರನ್ನು ತೆಗೆದು, ಕ್ಲೋರಿನ್ ಕಳೆದ ಹೊಸ ನೀರನ್ನು ತುಂಬಿದೆವು. ನೂಲುಪಾಚಿಯನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿಗೆ ಸುತ್ತಿ ತೆಗೆದೆವು. ಕಪ್ಪು ಗಡ್ಡ ಹಿಡಿದ ಎಲೆಗಳನ್ನು ಕತ್ತರಿಸಿದೆವು. ಸೋಸುವ ಯಂತ್ರದ ಸ್ಪಂಜನ್ನು ನಲ್ಲಿಯ ನೀರಿನಲ್ಲಿ ತೊಳೆಯುವುದನ್ನು ಬಿಟ್ಟು, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡಿದೆವು. ಕೊಳೆಯನ್ನು ಕರಗಿಸುವ ಸೂಕ್ಷ್ಮಜೀವಿಗಳು ಅದರಲ್ಲಿ ನೆಲೆಸಿರುತ್ತವೆ. ಪಾಚಿ ತಿನ್ನುವುದೆಂದು ಅಂಗಡಿಯಲ್ಲಿ ಮಾರುವ ಸಕ್ಕರ್ ಮೀನನ್ನು ತರಲಿಲ್ಲ. ದಕ್ಷಿಣ ಅಮೆರಿಕದ ಆ ಮೀನು ಅಡಿಗಿಂತ ಉದ್ದ ಬೆಳೆಯುತ್ತದೆ. ಸಾಕಲಾರದವರು ಹೊರಗೆ ಬಿಟ್ಟುದರಿಂದ ನಮ್ಮ ನಾಡಿನ ನೀರುಗಳಲ್ಲಿಯೂ ಪಿಡುಗಾಗಿದೆ.

ಮೊದಲ ಮೂರು ವಾರ ಏನೂ ವ್ಯತ್ಯಾಸ ಕಾಣಲಿಲ್ಲ; ಔಷಧದ ಸೀಸೆಯ ಕಡೆಗೆ ಕೈ ಹೋದುದೂ ಉಂಟು. ಐದನೆಯ ವಾರದಲ್ಲಿ ಹೊಸ ಎಲೆಗಳು ಶುಭ್ರವಾಗಿ ಬಂದುವು. ಎರಡು ತಿಂಗಳು ತುಂಬುವ ವೇಳೆಗೆ ನೀರು ಎಷ್ಟು ತಿಳಿಯಾಗಿತ್ತೆಂದರೆ, ಹಿಂದಿನ ಗಾಜಿನ ಮೇಲೆ ಉಳಿದ ಹಸುರು ಪದರವನ್ನು ನಾವು ಬೇಕೆಂದೇ ಹಾಗೆಯೇ ಬಿಟ್ಟೆವು. ಹೊಸದಾಗಿ ಬಂದ ಸೀಗಡಿಗಳು ಅದನ್ನು ಮೇಯುತ್ತವೆ.

ಅವಧಿ ಮುಗಿದ ದಿನ ತಾಯಿಯವರು ತಾವಾಗಿಯೇ ಬಂದು ತೊಟ್ಟಿಯ ಮುಂದೆ ಕುಳಿತರು. ಬಹಳ ಹೊತ್ತು ನೋಡಿ, "ಇರಲಿ ಬಿಡು," ಎಂದರು. ಮೀನುಗಳಿಗೆ ಮೇವು ಹಾಕುವ ಡಬ್ಬಿ ಈಗ ಅವರ ವಶದಲ್ಲಿದೆ. ಮಗಳು ಎಷ್ಟು ಬೇಡಿದರೂ ದಿನಕ್ಕೆ ಎರಡನೆಯ ಚಿಟಿಕೆ ಸಿಗುವುದಿಲ್ಲ.