ಕೊಬ್ಬರಿ ಬೆಲ್ಲದ ಸುಂಕ

ಕಡಬದ ಕೆರೆ ಏರಿಯ ಮೇಲೆ ನಮ್ಮ ಕಾಲದಲ್ಲಿ ಒಬ್ಬ ಸುಂಕದವನಿದ್ದ. ಹೆಸರು ಬೇಡ ಬಿಡಿ, ಈಗ ಅವನೂ ತಾತ. ಮೊಮ್ಮಕ್ಕಳ ಎದುರು ಮಾನ ಹೋಗಬಾರದು. ಐದನೇ ಕ್ಲಾಸಿನಲ್ಲಿ ಎರಡು ವರ್ಷ ಕೂತಿದ್ದರಿಂದ ನಮಗಿಂತ ಒಂದು ಮೊಳ ಎತ್ತರ. ಶಾಲೆಗೆ ಹೋಗುವ ದಾರಿಯಲ್ಲಿ ನಿಂತು ಒಬ್ಬೊಬ್ಬರ ಜೇಬು ತಡಕುತ್ತಿದ್ದ. ಹುಣಸೆಹಣ್ಣು, ಹುರಿಗಡಲೆ, ಬಳಪದ ಚೂರು, ಏನು ಸಿಕ್ಕರೂ ಸರಿ. ನಮ್ಮದು ತೆಂಗಿನ ಸೀಮೆಯಲ್ಲವೇ, ನನ್ನ ಜೇಬಿನಲ್ಲಿ ದಿನಾ ಕೊಬ್ಬರಿ ಬೆಲ್ಲ. ದಿನಾ ಅದು ಅವನ ಪಾಲು. ಕೊಡದಿದ್ದರೆ ನೆತ್ತಿಗೊಂದು ಮೊಟಕು. ಮೇಷ್ಟರಿಗೆ ಹೇಳಿದರೆ ಎರಡು.

ಒಂದು ಮಳೆಗಾಲ ಶಿಂಷಾ ತುಂಬಿ ಬಂದು ಕೆರೆ ಕೋಡಿ ಬಿತ್ತು. ಸಂಜೆ ಶಾಲೆ ಬಿಟ್ಟು ಬಂದರೆ ನಮ್ಮ ತೋಟದ ಮನೆಗಳ ದಾರಿಗೆ ಅಡ್ಡಲಾಗಿ ನೀರು. ಮೊಣಕಾಲುದ್ದವೇ ಇರಬಹುದು, ಆದರೆ ಸೆಳೆತ ಜೋರು. ಚಿಕ್ಕವರೆಲ್ಲ ಅಳಲು ಶುರುಮಾಡಿದರು, ನನ್ನ ತಂಗಿಯೂ. ಅವನ ಮನೆ ಊರೊಳಗೇ ಇತ್ತು, ಅಲ್ಲಿ ಅವನಿಗೇನೂ ಕೆಲಸವಿರಲಿಲ್ಲ. ಆದರೂ ಬಂದು ನೀರಿಗೆ ಅಡ್ಡ ನಿಂತ. ಇಳಿಯಹೋದ ಒಬ್ಬನಿಗೆ ಮೊಟಕಿ ಹಿಂದಕ್ಕೆ ಎಳೆದ. (ಮಕ್ಕಳೇ, ಹರಿಯುವ ನೀರಿಗೆ ನೀವೂ ಇಳಿಯಬೇಡಿ.) ‘ಲೇ, ಊರಿಗೆ ಓಡು, ದೊಡ್ಡೋರನ್ನ ಕರ್ಕೊಂಡ್ ಬಾ’ ಎಂದು ನನ್ನನ್ನು ಅಟ್ಟಿದ.

ನಾನು ಹಗ್ಗದವರನ್ನು ಕರೆತರುವಷ್ಟರಲ್ಲಿ ಕತ್ತಲಾಗಿತ್ತು. ಅಳು ನಿಂತಿತ್ತು. ಬೆಳಿಗ್ಗೆ ನನ್ನಿಂದ ಕಿತ್ತುಕೊಂಡ ಕೊಬ್ಬರಿ ಬೆಲ್ಲವನ್ನು ಚೂರು ಚೂರು ಮಾಡಿ ಎಲ್ಲರ ಬಾಯಿಗೂ ಹಾಕಿದ್ದ.

ಮಾರನೆಯ ದಿನ ಮತ್ತೆ ಸುಂಕ, ಮತ್ತೆ ಮೊಟಕು! ತಂಗಿಯ ಜೇಬಿಗೆ ಮಾತ್ರ ಕೈ ಹಾಕಲಿಲ್ಲ.

ಆರ್. ಕೆ. ನಾರಾಯಣರು 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಇಂಥವನನ್ನೇ ಬರೆದಿದ್ದಾರೆ, ಮಣಿ ಅಂತ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ನೋಡಿದ ಅಜ್ಜ ಅಜ್ಜಿಯರಿಗೆ ಅವನ ನೆನಪಿದ್ದೀತು. ದೊಣ್ಣೆ ತೋರಿಸಿ ಹೆದರಿಸುವವನು. ಆದರೆ ಕೊನೆಯಲ್ಲಿ, ಮುನಿಸಿಕೊಂಡ ರಾಜಮ್ ಊರು ಬಿಡುವಾಗ, ಹೊರಟ ರೈಲಿನ ಪಕ್ಕ ಓಡಿ ಸ್ವಾಮಿಯ ಪುಸ್ತಕವನ್ನು ತಲುಪಿಸುವವನು ಆ ಮಣಿಯೇ.

‘ಹಾಗಾದ್ರೆ ಮೊಟಕಿದ್ದು ಸರಿನಾ ತಾತ?’ ಎಂದಳು ಮೊಮ್ಮಗಳು. ಇಲ್ಲ ಕಣಮ್ಮ, ನೆತ್ತಿ ಈಗಲೂ ಮರೆತಿಲ್ಲ ಅಂದೆ.

ಮೊನ್ನೆ ತಂಗಿಯ ಮಗನ ಮದುವೆಗೆ ಅವನು ಬಂದಿದ್ದ. ಊಟಕ್ಕೆ ನನ್ನ ಪಕ್ಕದಲ್ಲೇ ಕೂತ. ಬಡಿಸಿದವರು ಆ ಕಡೆ ಹೋಗಿದ್ದೇ ತಡ, ನನ್ನ ಎಲೆಯ ಹೋಳಿಗೆ ಎತ್ತಿ ತನ್ನ ಎಲೆಗೆ ಹಾಕಿಕೊಂಡ.

‘ನಿಂಗೆ ಸಕ್ಕರೆ ಕಾಯಿಲೆಯಂತೆ, ನಿನ್ ತಂಗಿ ಹೇಳಿದ್ಲು’ ಅಂದ.