ಮತ್ತೆ ಮರ ಏರುವ ಮೊದಲು

ಕಡಬದ ಕಡೆಯ ತೋಟವೊಂದರಲ್ಲಿ ಅಡಿಕೆ ಕೊಯ್ಯುವುದನ್ನು ನೋಡುತ್ತ ನಿಂತಿದ್ದೆ. ಗೊನೆ ಇಳಿಸಿದವರು ಕೆಳಗಿಳಿಯಲಿಲ್ಲ. ತುದಿಯಲ್ಲೇ ಮರವನ್ನು ಜೋಲಿ ಹೊಡೆಸಿ, ಕೈ ಚಾಚಿ ಪಕ್ಕದ ಮರ ಹಿಡಿದರು. ಆ ಕ್ಷಣ ಮೈಭಾರವೆಲ್ಲ ಭುಜದ ಮೇಲೆ. ರಿಂಗ್ಸ್‌ನಲ್ಲಿ ತೂಗುವ ಜಿಮ್ನಾಸ್ಟರ ನೆನಪಾಯಿತು.

ಭುಜದ ಕೀಲು ಎಂದರೆ ದೊಡ್ಡ ಗುಂಡು, ಆಳವಿಲ್ಲದ ಕುಳಿ. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ. ಅದಕ್ಕೇ ಬೇಗ ಜಾರುತ್ತದೆ ಕೂಡ. ಕುಳಿಯ ಸುತ್ತ ಇರುವ ಲೇಬ್ರಮ್ ಎಂಬ ಅಂಚು ಹರಿದರೆ ಹೊಲಿಯಬಹುದು. ಆದರೆ ಹೊಲಿಗೆ ಅರ್ಧ ಕೆಲಸ ಮಾತ್ರ. ಉಳಿದರ್ಧ ತಿಂಗಳುಗಟ್ಟಲೆ ತಾಳ್ಮೆ: ಮೊದಲು ಕೈಗೆ ಜೋಳಿಗೆ, ಆಮೇಲೆ ಚಲನೆ, ಆಮೇಲೆ ಬಲ, ನೇತಾಡುವುದು ಕಟ್ಟಕಡೆಗೆ.

ನಮ್ಮ ಜಿಲ್ಲೆಯಲ್ಲೇ ಬೆಳೆದ ಕ್ರಿಕೆಟಿಗ ಕೆ.ಎಲ್. ರಾಹುಲ್ 2017ರಲ್ಲಿ ಭುಜದ ನೋವಿನಲ್ಲೇ ಆಸ್ಟ್ರೇಲಿಯಾ ಸರಣಿ ಆಡಿದರು. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಐಪಿಎಲ್ ಹೋಯಿತು, ಚಾಂಪಿಯನ್ಸ್ ಟ್ರೋಫಿಯೂ ಹೋಯಿತು. ಆಗಸ್ಟ್‌ನಲ್ಲಿ ಕೊಲಂಬೊ ಟೆಸ್ಟ್‌ಗೆ ಮರಳಿ 57 ಹೊಡೆದರು. ಅವರಿಗಾಗಿ ತಂಡ ಕಾದಿತ್ತು.

ಮರ ಏರುವವರಿಗಾಗಿ ಕಾಯುವವರು ಯಾರು? ಅಡಿಕೆಗೆ ತಗಲುವ ಕೊಳೆರೋಗ ಕಾಯುವುದಿಲ್ಲ, ಮನೆಖರ್ಚೂ ಕಾಯುವುದಿಲ್ಲ. ಹಾಗಾಗಿ ಹೊಲಿಗೆ ಮಾಗುವ ಮೊದಲೇ ಮರ ಕರೆಯುತ್ತದೆ.

ಪುತ್ತೂರು, ಸುಳ್ಯ, ಕಡಬದ ತೋಟದವರಲ್ಲಿ ಒಂದೇ ಬೇಡಿಕೆ. ಭುಜ ನೋವೆಂದವರನ್ನು ಮರ ಹತ್ತಿಸಬೇಡಿ. ನೆಲದಿಂದಲೇ ಕೊಯ್ಯುವ ಫೈಬರ್ ದೋಟಿ ಕೈಗೆತ್ತಿಕೊಳ್ಳಿ, ಅವರಿಗೆ ಅಂಗಳದ ಕೆಲಸ ಕೊಡಿ, ಸಂಬಳ ಮುರಿಯಬೇಡಿ. ನಮ್ಮ ಅಡಿಕೆ ನಿಂತಿರುವುದು ಆ ಭುಜಗಳ ಮೇಲೆ.